ಒರೆಸಿದ್ದೆಷ್ಟು, ಬರೆದದ್ದೆಷ್ಟು? ಹಾಡಿನ ಸ್ಟುಡಿಯೊ ಒಳಗಿನ ಎಐ

ಕೃತಕ ಬುದ್ಧಿಮತ್ತೆಯಿಂದ (ಎಐ) ಹುಟ್ಟಿಸಿದ ಧ್ವನಿ, ದೃಶ್ಯಗಳಿಗೆ ಲೇಬಲ್ ಹಚ್ಚಬೇಕು ಎಂಬ ಕೇಂದ್ರ ಸರ್ಕಾರದ ನಿಯಮ 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದಿದೆ. ಬರೀ ಧ್ವನಿಯಾದರೆ ಶುರುವಿನಲ್ಲೇ ಅದನ್ನು ಕೇಳುಗರ ಕಿವಿಗೆ ಹಾಕಬೇಕು. ಕೋರ್ಟಿನ ಅಥವಾ ಸರ್ಕಾರದ ಆದೇಶ ಬಂದರೆ ಜಾಲತಾಣಗಳು ಮೂರು ಗಂಟೆಯೊಳಗೆ ಆ ಧ್ವನಿ, ದೃಶ್ಯವನ್ನೇ ತೆಗೆಯಬೇಕು. ಮೊದಲು ಇದಕ್ಕೆ 36 ಗಂಟೆ ಇತ್ತು.

ಸುದ್ದಿ ಇಷ್ಟೇ. ಆದರೆ ಹುಬ್ಬಳ್ಳಿಯ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಒಂದರಿಂದ ನೋಡಿದರೆ ಗೊಂದಲ ಶುರುವಾಗುತ್ತದೆ. ಯೂಟ್ಯೂಬಿಗೆಂದು ಒಂದು ಜಾನಪದ ಹಾಡು ಅಲ್ಲಿ ತಯಾರಾಗುತ್ತಿದೆ ಅಂದುಕೊಳ್ಳಿ. ಬರೆದವರು ಮನುಷ್ಯರು. ಹಾಡಿದವರೂ ಮನುಷ್ಯರೇ. ಆದರೆ ಹಿಂದಿನ ಫ್ಯಾನಿನ ಸದ್ದು ತೆಗೆದದ್ದು ಎಐ. ಶ್ರುತಿ ತಿದ್ದಿದ್ದು ಎಐ. ಹಳೆಯ ಹಾಡೊಂದರಿಂದ ಡೊಳ್ಳಿನ ಪೆಟ್ಟು ಬಿಡಿಸಿಕೊಂಡದ್ದು ಎಐ. ಕೊನೆಗೆ ಎಲ್ಲ ಸರಿದೂಗಿಸಿ ಮಾಸ್ಟರಿಂಗ್ ಮಾಡಿದ್ದೂ ಅದೇ. ಈ ಹಾಡಿಗೆ ಲೇಬಲ್ ಬೇಕೋ, ಬೇಡವೋ?

ಬಹುತೇಕ ಬೇಡ. ಮಾಮೂಲಿ ಎಡಿಟಿಂಗ್, ತಾಂತ್ರಿಕ ತಿದ್ದುಪಡಿ, ಗದ್ದಲ ಕಡಿಮೆ ಮಾಡುವುದು, ಇವನ್ನೆಲ್ಲ ನಿಯಮವೇ ಹೊರಗಿಟ್ಟಿದೆ. ಒಂದು ಷರತ್ತು ಮಾತ್ರ ಇದೆ: ಮೂಲದ ಸತ್ವ, ಅರ್ಥ ಬದಲಾಗಿರಬಾರದು. ಇಡೀ ಗಂಟು ಇರುವುದು ಈ ಷರತ್ತಿನಲ್ಲೇ. ಒರೆಸುವ ಕೆಲಸ ಎಲ್ಲಿ ಮುಗಿಯುತ್ತದೆ, ಬರೆಯುವ ಕೆಲಸ ಎಲ್ಲಿ ಶುರುವಾಗುತ್ತದೆ? ಧಾರವಾಡ ಸೀಮೆಯ ಸಂಗೀತದಲ್ಲಿ ಆ ಗೆರೆ ಬಾಕಿ ಕಡೆಗಿಂತ ತೆಳುವಾಗಿದೆ.

ಒಂದೇ ಹೆಸರು, ಎರಡು ಕೆಲಸ

ಎಐ ಮತ್ತು ಸಂಗೀತ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಹಾಡು ಬರೆಯುವ, ರಾಗ ಹಾಕುವ ಯಂತ್ರ. ಸ್ಟುಡಿಯೊಗಳಲ್ಲಿ ಅದಕ್ಕಿಂತ ಜಾಸ್ತಿ, ಅದೂ ಸದ್ದಿಲ್ಲದೆ ಬಳಕೆಯಾಗುತ್ತಿರುವುದು ಬೇರೆ ಥರದ ಎಐ. ಎರಡಕ್ಕೂ ಒಂದೇ ಹೆಸರು ಇರುವುದೇ ತಾಪತ್ರಯ.

2023ರಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಬೀಟಲ್ಸ್ ತಂಡದ ಕೊನೆಯ ಹಾಡು ಎಐ ನೆರವಿನಿಂದ ಬರುತ್ತದೆ ಎಂದು ಪಾಲ್ ಮೆಕಾರ್ಟ್ನಿ ಹೇಳಿದಾಗ, ತೀರಿಕೊಂಡ ಜಾನ್ ಲೆನನ್ ದನಿಯನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದಾರೆ ಎಂದೇ ಹಲವರು ತಿಳಿದರು. ನಡೆದದ್ದು ಅದಲ್ಲ. 1970ರ ದಶಕದ ಕೊನೆಗೆ ಲೆನನ್ ಮನೆಯಲ್ಲಿ ಪಿಯಾನೊ ನುಡಿಸುತ್ತ ಹಾಡಿ ಕ್ಯಾಸೆಟ್ಟಿಗೆ ತುಂಬಿದ್ದರು. ದನಿಯ ಮೇಲೆ ಪಿಯಾನೊ ಕೂತಿತ್ತು. ಯಂತ್ರ ಅವೆರಡನ್ನೂ ಬಿಡಿಸಿ ಕೊಟ್ಟಿತು, ಅಷ್ಟೇ. ‘ನೌ ಆ್ಯಂಡ್ ದೆನ್’ ಎಂಬ ಆ ಹಾಡು 2023ರ ನವೆಂಬರ್ 2ರಂದು ಹೊರಬಂತು, 2025ರಲ್ಲಿ ಗ್ರ್ಯಾಮಿಯನ್ನೂ ಪಡೆಯಿತು. ಮನುಷ್ಯರ ಸೃಷ್ಟಿಗೆ ಮಾತ್ರ ಪ್ರಶಸ್ತಿ ಎಂದು ಗ್ರ್ಯಾಮಿ ಅಷ್ಟರಲ್ಲಾಗಲೇ ನಿಯಮ ಮಾಡಿತ್ತು. ಆದರೂ ಈ ಹಾಡಿಗೆ ಅಡ್ಡಿಯಾಗಲಿಲ್ಲ, ಏಕೆಂದರೆ ಹಾಡಿದ್ದು ಲೆನನ್ನೇ.

ಇನ್ನೊಂದು ಕಡೆ 2024ರ ಜನವರಿಯಲ್ಲಿ ಬಂದ ತಮಿಳಿನ ‘ಲಾಲ್ ಸಲಾಂ’ ಚಿತ್ರದ ಹಾಡಿದೆ. ಅದರಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ತಂದರು. ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಆ ಹಾಡನ್ನು ಬದುಕಿದ್ದಾಗ ಹಾಡಿರಲೇ ಇಲ್ಲ. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟೇ ಮಾಡಿದ್ದು ಎಂದು ರೆಹಮಾನ್ ತಿಳಿಸಿದರು.

ಮೊದಲನೆಯದರಲ್ಲಿ ಹಾಡಿದ್ದನ್ನು ಒರೆಸಿ ತೋರಿಸಿದ್ದಾರೆ. ಎರಡನೆಯದರಲ್ಲಿ ಹಾಡದೇ ಇದ್ದದ್ದನ್ನು ಬರೆದಿದ್ದಾರೆ. ಎರಡೂ ಹೀಗೆ ದೂರ ದೂರ ಇದ್ದಿದ್ದರೆ ಯಾರಿಗೂ ತಲೆನೋವು ಇರುತ್ತಿರಲಿಲ್ಲ.

ಬಿಡಿಸುವುದು ಹೇಗೆ?

ಯಂತ್ರ ಮೊದಲು ಸದ್ದನ್ನು ಒಂದು ಚಿತ್ರವಾಗಿ ಮಾಡಿಕೊಳ್ಳುತ್ತದೆ. ಎಡದಿಂದ ಬಲಕ್ಕೆ ಸಮಯ. ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಸದ್ದು ಜೋರಾದ ಕಡೆ ಬಣ್ಣ ಗಾಢ. ತಬಲಾದ ಪೆಟ್ಟು ಈ ಚಿತ್ರದಲ್ಲಿ ನೆಟ್ಟಗೆ ನಿಂತ ಗೀರಿನಂತೆ ಕಾಣುತ್ತದೆ. ಹಾಡುವವರ ದನಿ ಬಳುಕುವ ಎಳೆಗಳಂತೆ. ಒಂದೇ ಸಮ ಗುಂಯ್‌ಗುಡುವ ಸದ್ದು ಅಡ್ಡಡ್ಡ ಗೆರೆಗಳಂತೆ.

ಕಲಿಸುವಾಗ ಕೂಡಿಸಿದ ಹಾಡನ್ನೂ ಅದರ ಬಿಡಿ ಟ್ರ್ಯಾಕುಗಳನ್ನೂ ಅದಕ್ಕೆ ಸಾವಿರಾರು ಸಲ ತೋರಿಸುತ್ತಾರೆ. ಯಾವ ಚುಕ್ಕೆ ದನಿಯದ್ದು, ಯಾವುದು ವಾದ್ಯದ್ದು ಎಂದು ಅದು ಊಹೆ ಮಾಡುವುದನ್ನು ಕಲಿಯುತ್ತದೆ. ಊಹೆ ಎಂಬ ಮಾತು ನೆನಪಿರಲಿ. ಯಂತ್ರಕ್ಕೆ ಒಳಗಿರುವುದು ಕಾಣುವುದಿಲ್ಲ, ಇರಬಹುದಾದದ್ದು ಹೊಳೆಯುತ್ತದೆ.

2019ರ ನವೆಂಬರಿನಲ್ಲಿ ಹಾಡು ಕೇಳಿಸುವ ಆ್ಯಪ್ ನಡೆಸುವ ಡೀಜರ್ ಕಂಪನಿ ‘ಸ್ಪ್ಲೀಟರ್’ ಎಂಬ ಇಂಥ ತಂತ್ರಾಂಶವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟಿತು. ಅದೇ ಸುಮಾರಿಗೆ ಮೆಟಾದ ‘ಡೀಮಕ್ಸ್’ ಕೂಡ ಬಂತು. ಅಲ್ಲಿಯತನಕ ದೊಡ್ಡ ಸ್ಟುಡಿಯೊಗಳಿಗೂ ಕಷ್ಟವಿದ್ದ ಕೆಲಸ ಈಗ ಮೊಬೈಲಿಗೇ ಬಂದಿದೆ.

‘ಇತರೆ’ ಎಂಬ ಡಬ್ಬಿ

ಈ ಯಂತ್ರಗಳು ಹಾಡನ್ನು ಸಾಮಾನ್ಯವಾಗಿ ನಾಲ್ಕು ಪಾಲು ಮಾಡುತ್ತವೆ: ದನಿ, ಡ್ರಮ್ಸ್, ಬಾಸ್, ಇತರೆ. ಸಂಶೋಧಕರು ವರ್ಷಗಟ್ಟಲೆ ಬಳಸುತ್ತ ಬಂದ ‘ಮ್ಯೂಸ್‌ಡಿಬಿ18’ ಸಂಗ್ರಹದಲ್ಲೂ ಇದೇ ನಾಲ್ಕು. ಅದರಲ್ಲಿರುವುದು 150 ಹಾಡು, ಸುಮಾರು 10 ಗಂಟೆ, ಹೆಚ್ಚಿನವು ಪಾಶ್ಚಾತ್ಯ ಪಾಪ್ ಮತ್ತು ರಾಕ್. ಆ ಸಂಗೀತಕ್ಕೆ ನಾಲ್ಕು ಡಬ್ಬಿ ಸಾಕು.

ಈಗ ಧಾರವಾಡದ ಒಂದು ಬೈಠಕ್ಕಿನ, ಅಂದರೆ ಹಿಂದೂಸ್ತಾನಿ ಕಛೇರಿಯ ರೆಕಾರ್ಡಿಂಗ್ ಅದರೊಳಗೆ ಹಾಕಿ. ತಂಬೂರಿ ‘ಇತರೆ’. ಹಾರ್ಮೋನಿಯಂ ‘ಇತರೆ’. ಸಾರಂಗಿ ‘ಇತರೆ’. ತಬಲಾ ಒಡೆದು ಎರಡಾಗುತ್ತದೆ: ಬಲಗೈ ಪೆಟ್ಟು ಡ್ರಮ್ಸ್ ಡಬ್ಬಿಗೆ ಹೋದರೆ, ಎಡಗೈ ಡಗ್ಗಾದ ಘುಮಕಿ ಎಷ್ಟೋ ಸಲ ಬಾಸ್ ಡಬ್ಬಿಗೆ ಜಾರುತ್ತದೆ. ಚೌಡಿಕೆ, ಏಕತಾರಿಗಳ ಗತಿಯೂ ಇದೇ.

ಇದಕ್ಕಿಂತ ಸಿಕ್ಕಿನದು ಹಾರ್ಮೋನಿಯಂ ಸಾಥ್. ನಮ್ಮಲ್ಲಿ ಸಾಥ್ ಕೊಡುವವರು ಗಾಯಕರ ಬೆನ್ನ ಹಿಂದೆಯೇ, ಅರೆಕ್ಷಣ ತಡವಾಗಿ, ಅದೇ ಸ್ವರ ಹಿಡಿದು ಹೋಗುತ್ತಾರೆ. ನೆರಳಿನಂತೆ ಹೋಗುವುದೇ ಅಲ್ಲಿ ಹೆಚ್ಚುಗಾರಿಕೆ. ಚಿತ್ರದಲ್ಲಿ ಮಾತ್ರ ಎರಡು ಎಳೆಗಳು ಒಂದರ ಮೇಲೊಂದು ಬೀಳುತ್ತವೆ. ಹೀಗಾಗಿ ಬಿಡಿಸಿ ಬಂದ ‘ದನಿ’ ಟ್ರ್ಯಾಕನ್ನು ಹೆಡ್‌ಫೋನ್ ಹಾಕಿ ಕೇಳಿದರೆ, ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಹಾರ್ಮೋನಿಯಂನ ಒಂದು ತುಣುಕು ನೀರೊಳಗಿನಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಸಾರಂಗಿಯದ್ದು ಇನ್ನೂ ಪೇಚು. ಮನುಷ್ಯರ ದನಿಯ ಹಾಗೆ ನುಡಿಯಲೆಂದೇ ಇರುವ ವಾದ್ಯ ಅದು, ಯಂತ್ರ ಮೋಸ ಹೋದರೆ ತಪ್ಪು ಯಾರದು?

ಕಾರಣ ಸರಳ. ಸಾಥ್ ಸಮೇತ ಖ್ಯಾಲಿನ (ಹಿಂದೂಸ್ತಾನಿಯ ಒಂದು ಹಾಡುಗಾರಿಕೆ) ಬಿಡಿ ಟ್ರ್ಯಾಕುಗಳು ಸಿಗುವುದೇ ಅಪರೂಪ. ಬೈಠಕ್ಕಿನಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಕೂಡುತ್ತಾರೆ, ಒಬ್ಬರ ಮೈಕಿನೊಳಗೆ ಇನ್ನೊಬ್ಬರ ಸದ್ದು ಸೇರಿರುತ್ತದೆ. ಬಿಡಿ ಟ್ರ್ಯಾಕ್ ಇಲ್ಲದಿದ್ದರೆ ಕಲಿಸಲು ಪಾಠವೇ ಇಲ್ಲ.

ತಂಬೂರಿಯೇ ಗದ್ದಲವಾದಾಗ

ಗದ್ದಲ ತೆಗೆಯುವ ಉಪಕರಣ ಯಾವುದನ್ನು ಗದ್ದಲ ಎನ್ನುತ್ತದೆ? ಏರಿಳಿತವಿಲ್ಲದೆ ಒಂದೇ ಸಮ ಇರುವುದನ್ನು. ಫ್ಯಾನು, ಏಸಿ, ಕರೆಂಟಿನ 50 ಹರ್ಟ್ಜ್ ಗುಂಯ್, ಟೇಪಿನ ಸುಯ್. ಭಾಷಣದ ರೆಕಾರ್ಡಿಂಗಿಗೆ ಇದು ಸರಿಯಾದ ಲೆಕ್ಕ. ಮಾತು ಏರಿಳಿಯುತ್ತದೆ, ಫ್ಯಾನು ಏರಿಳಿಯುವುದಿಲ್ಲ.

ಆದರೆ ಒಂದೇ ಸಮ ಇರುವ ಇನ್ನೊಂದು ಸದ್ದು ನಮ್ಮ ಸಂಗೀತದಲ್ಲಿದೆ. ತಂಬೂರಿ. ಅದು ಇರುವುದೇ ಹಾಗೆ ಇರಲಿಕ್ಕೆ. ಮಾತಿಗೆಂದು ಮಾಡಿದ ಉಪಕರಣವನ್ನು ಜೋರಾಗಿ ತಿರುಗಿಸಿದರೆ ಅದು ಮೊದಲು ತಿನ್ನುವುದು ತಂಬೂರಿಯ ಮೇಲುಸ್ವರಗಳನ್ನು, ತಂತಿ ಕುದುರೆಗೆ ಸವರಿ ಹುಟ್ಟುವ ಜವಾರಿಯ ಆ ಝೇಂಕಾರವನ್ನು. ಆಲಾಪದ ಶುರುವಿನಲ್ಲಿ ಗಾಯಕರು ಖರಜದಲ್ಲಿ (ಕೆಳಗಿನ ಸಪ್ತಕದಲ್ಲಿ) ಷಡ್ಜ ಹಿಡಿದು ನಿಂತರೆ ಅದನ್ನೂ ಅನುಮಾನದಿಂದ ನೋಡುತ್ತದೆ. ಅಲುಗಾಡದೆ ನಿಂತದ್ದು ಗದ್ದಲ ಎಂದು ಕಲಿತಿದೆಯಲ್ಲ! ಹತ್ತು ವರ್ಷ ಸಾಧನೆ ಮಾಡಿ ಅಲುಗಾಡದ ಷಡ್ಜ ಸಂಪಾದಿಸಿದವರಿಗೆ ಇದಕ್ಕಿಂತ ವಿಚಿತ್ರ ಬಹುಮಾನ ಇರಲಿಕ್ಕಿಲ್ಲ.

ಅದೇ ತಂಬೂರಿ ಸರಿಯಾಗಿ ಬಳಸಿದರೆ ಯಂತ್ರಕ್ಕೆ ದಾರಿದೀಪವೂ ಆಗುತ್ತದೆ. ಹಳೆಯ ಕ್ಯಾಸೆಟ್ಟು, ಸ್ಪೂಲ್ ಟೇಪುಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಶುರುವಿಗೆ ಶ್ರುತಿ ಕಾಳಿ ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆ) ಇದ್ದದ್ದು ಅರ್ಧ ಗಂಟೆಯಲ್ಲಿ ಕಾಳಿ ಒಂದರ ಕಡೆ ಇಳಿದಿರುತ್ತದೆ. ಹಾಡಿದವರು ಇಳಿದಿಲ್ಲ, ಮೋಟಾರು ಇಳಿದಿದೆ. ಆಗ ತಂಬೂರಿಯ ಗೆರೆಯನ್ನೇ ಅಳತೆಗೋಲು ಮಾಡಿಕೊಂಡು ಇಡೀ ಟೇಪನ್ನು ನೆಟ್ಟಗೆ ಮಾಡಬಹುದು. ಕೆಲಸ ಯಂತ್ರದ್ದು. ಆದರೆ ಅದು ತಂಬೂರಿ ಎಂದು ಹೇಳಿಕೊಡುವವರು ಬೇಕು.

ಶ್ರುತಿ ತಿದ್ದುವ ಚಟ

ಆಟೋ-ಟ್ಯೂನ್ ಬಂದದ್ದು 1997ರಲ್ಲಿ, ಅದು ಎಐ ಅಲ್ಲ. ಈಗಿನ ಹೊಸ ಉಪಕರಣಗಳು ಅದರ ಮೊಮ್ಮಕ್ಕಳು. ಕೇಳುವ ಪ್ರಶ್ನೆ ಮಾತ್ರ ಹಳೆಯದೇ: ಈ ದನಿ ಸಪ್ತಕದ ಹನ್ನೆರಡು ಸ್ವರದ ಮನೆಗಳಲ್ಲಿ ಯಾವ ಮನೆಗೆ ಹತ್ತಿರ?

ಜಾನಪದ ಡಿಜೆ ಹಾಡುಗಳಲ್ಲಿ ಈ ತಿದ್ದುಪಡಿಯೇ ಈಗ ಒಂದು ಶೈಲಿ. ಬೇಕೆಂದೇ ಹಾಕುತ್ತಾರೆ, ಕೇಳುವವರಿಗೂ ಇಷ್ಟ, ತಕರಾರಿಲ್ಲ. ತಕರಾರು ಬರುವುದು ಭೈರವ ರಾಗದ ರಿಷಭಕ್ಕೆ. ಅದು ಒಂದು ಮನೆಯಲ್ಲಿ ಕೂಡುವ ಸ್ವರವಲ್ಲ, ತೂಗಾಡುವ ಸ್ವರ. ಯಂತ್ರ ಅದನ್ನು ಹಿಡಿದು ಕುರ್ಚಿಗೆ ಕಟ್ಟಿಹಾಕುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಜಾರುದಾರಿ ಮೆಟ್ಟಿಲಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿದ್ದಂಥ ಜೋಡು ರಾಗಗಳಲ್ಲಿ ಎರಡು ಗಾಂಧಾರ, ಎರಡು ನಿಷಾದ ಬಂದುಹೋದರೆ ಸ್ಕೇಲ್ ಯಾವುದು ಎಂದು ಮೊದಲೇ ಆರಿಸಿಕೊಡಿ ಎನ್ನುವ ಉಪಕರಣಕ್ಕೆ ಕೊಡಲು ಉತ್ತರವೇ ಇರುವುದಿಲ್ಲ.

ಮಾಸ್ಟರಿಂಗಿನದ್ದೂ ಹೀಗೆಯೇ. ಹಾಡು ಅಪ್‌ಲೋಡ್ ಮಾಡಿದರೆ ಯಂತ್ರ ಅದರ ಸದ್ದನ್ನು ಸಮ ಮಾಡಿ ಕೊಡುತ್ತದೆ. ಮೂರು ನಿಮಿಷದ ಹಾಡಿಗೆ ಅದು ಒಳ್ಳೆಯದೇ. ಪಿಸುಮಾತಿನಿಂದ ಶುರುವಾಗಿ ನಲವತ್ತು ನಿಮಿಷಕ್ಕೆ ಮುಗಿಲು ಮುಟ್ಟುವ ಖ್ಯಾಲಿಗೆ ಅಲ್ಲ.

ಹಳೆಯ ತಟ್ಟೆ, ಹೊಸ ತೇಪೆ

ಇಲ್ಲಿಯವರೆಗಿನದ್ದು ಯಂತ್ರ ತೆಗೆಯಬಾರದ್ದನ್ನು ತೆಗೆಯುವ ತೊಂದರೆ. ಇಲ್ಲದ್ದನ್ನು ಸೇರಿಸುವ ತೊಂದರೆ ಇದಕ್ಕಿಂತ ದೊಡ್ಡದು.

78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯನ್ನು ತೆಗೆದುಕೊಳ್ಳಿ. ಒಂದು ಬದಿಗೆ ಮೂರೂವರೆ ನಿಮಿಷದ ಆಸುಪಾಸು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದಾಗ ತಟ್ಟೆಯ ಮೇಲೆ ‘ಗಾಂಧಾರಿ’ ಎಂದು ಹೆಸರು ಹಾಕಿದ್ದರು. ಆಗ ಅವರದು ತೆಳು ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಇಳಿದು, ಗಂಡಸರ ದನಿಯಷ್ಟು ಗಡುಸಾಗಿ, ಜಗತ್ತು ಗುರುತಿಸುವ ದನಿಯಾಯಿತು. ಒಬ್ಬರದೇ ಎರಡು ದನಿ.

ಆ ಕಾಲದ ತಟ್ಟೆಯಲ್ಲಿ ಮೇಲಿನ ಸ್ವರಾಂಶಗಳು ಬಹಳ ಕಡಿಮೆ. ನಮ್ಮ ಕಿವಿ 20 ಸಾವಿರ ಹರ್ಟ್ಜ್‌ವರೆಗೆ ಕೇಳಬಲ್ಲದು, ತಟ್ಟೆಯಲ್ಲಿ ಉಳಿದಿರುವುದು ಅದರ ಕೆಳಗಿನ ಒಂದು ಪಾಲು ಮಾತ್ರ. ಚಟಪಟ ಸದ್ದು ತೆಗೆಯುವುದು ಒರೆಸುವ ಕೆಲಸ. ಇದನ್ನು ಎಐ ಇಂದು ಚೆನ್ನಾಗಿಯೇ ಮಾಡುತ್ತದೆ. ಆದರೆ ಹೊಸ ಬಗೆಯ ಕೆಲವು ಉಪಕರಣಗಳು ಮುಂದೆ ಹೋಗಿ, ಇಲ್ಲದ ಮೇಲಿನ ಭಾಗವನ್ನು ತಾವೇ ತುಂಬುತ್ತವೆ. ಯಾವ ಆಧಾರದ ಮೇಲೆ? ತಾವು ಕಲಿತ ಸಾವಿರಾರು ಬೇರೆ ದನಿಗಳ ಆಧಾರದ ಮೇಲೆ. ಫಲಿತಾಂಶ ಹೊಳಪಾಗಿ, ನಿನ್ನೆ ಹಾಡಿದಷ್ಟು ತಾಜಾ ಆಗಿ ಕೇಳುತ್ತದೆ. ಅದರಲ್ಲಿ ಗಂಗೂಬಾಯಿಯವರದ್ದೆಷ್ಟು, ಯಾರೋ ಅನಾಮಿಕರ ಸರಾಸರಿ ಎಷ್ಟು ಎಂದು ಬರೀ ಕಿವಿಯಿಂದ ಹೇಳುವುದು ಕಷ್ಟ.

ಇದನ್ನು ‘ಗದ್ದಲ ಕಡಿಮೆ ಮಾಡುವುದು’ ಎನ್ನಬಹುದೇ? ನಿಯಮ ಇಲ್ಲಿ ಸುಮ್ಮನಿದೆ. ಸತ್ವ ಬದಲಾಗಿಲ್ಲ, ರಾಗ ಅದೇ, ಬಂದಿಶ್ (ಹಾಡಿನ ರಚನೆ) ಅದೇ ಎಂದು ಬಳಸಿದವರು ವಾದಿಸಬಹುದು. ಘರಾಣೆ ಕಲಿಯುವವರಿಗೆ ಸತ್ವ ಇರುವುದು ದನಿ ಹಚ್ಚುವ ರೀತಿಯಲ್ಲಿ, ಅದೇ ಬದಲಾಗಿದೆ ಎಂದು ಗುರುಗಳು ಹೇಳಬಹುದು. ಈ ವಾದದಲ್ಲಿ ಗುರುಗಳ ಕಡೆಯೇ ತೂಕ ಹೆಚ್ಚು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ತಲೆಮಾರುಗಳಿಂದ ಸಂಗೀತವನ್ನು ಕಿವಿಯಲ್ಲೇ ಕಲಿತಿದ್ದಾರೆ. ಹಾಗೆ ಕಲಿಯುವವರಿಗೆ ರೆಕಾರ್ಡಿಂಗ್ ಒಂದು ಪಠ್ಯವೇ. ಅದರಲ್ಲಿ ಯಂತ್ರ ಬರೆದ ಸಾಲು ಯಾವುದೆಂದು ಅವರಿಗೆ ಗೊತ್ತಾಗಬೇಕು.

ಸತ್ತವರ ದನಿ ಯಾರದು?

ದನಿಯ ನಕಲಿನ ಬಗ್ಗೆ ಕೋರ್ಟುಗಳು ಮಾತಾಡಲು ಶುರುಮಾಡಿವೆ. 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಒಪ್ಪಿಗೆಯಿಲ್ಲದೆ ಅವರ ದನಿಯನ್ನು ಎಐಯಿಂದ ನಕಲು ಮಾಡದಂತೆ ತಡೆದಿತು. ಅದೇ ವರ್ಷ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿ ಬಳಸಿದ್ದಕ್ಕೆ ಮಗ ಎಸ್‌.ಪಿ. ಚರಣ್ ತೆಲುಗು ಚಿತ್ರವೊಂದರ ತಯಾರಕರಿಗೆ ನೋಟಿಸ್ ಕಳಿಸಿದರು.

ಎರಡರ ನಡುವೆ ಒಂದು ವ್ಯತ್ಯಾಸವಿದೆ. ಅರಿಜಿತ್ ಬದುಕಿದ್ದಾರೆ. ಎಸ್‌ಪಿಬಿ ಇಲ್ಲ. ವ್ಯಕ್ತಿಯ ಹೆಸರು, ಚಹರೆಗಳ ಮೇಲಿನ ಇಂಥ ಹಕ್ಕು ಸಾವಿನೊಂದಿಗೆ ಮುಗಿಯುತ್ತದೆ ಎಂದು 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ನಮ್ಮ ಭಾಗದ ಲೆಕ್ಕ ಹಾಕಿ ನೋಡಿ. ಬಸವರಾಜ ರಾಜಗುರು 1991ರಲ್ಲಿ ಹೋದರು. ಮನ್ಸೂರರು 1992ರಲ್ಲಿ. ಗಂಗೂಬಾಯಿ 2009ರಲ್ಲಿ. ಪುಟ್ಟರಾಜ ಗವಾಯಿಗಳು 2010ರಲ್ಲಿ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ 2011ರಲ್ಲಿ. ಈ ಸೀಮೆಗೆ ಹೆಸರು ತಂದ ದನಿಗಳಿಗೇ ಕಾನೂನಿನ ಕಾವಲು ಸಡಿಲ.

ಉಳಿದ ಅವಧಿಗಳೂ ಒಂದೊಂದಾಗಿ ಮುಗಿಯುತ್ತಿವೆ. ಪ್ರಕಟವಾದ ರೆಕಾರ್ಡಿಂಗಿಗೆ 60 ವರ್ಷ ಹಕ್ಕು. ಅಂದರೆ 1965ರವರೆಗೆ ಹೊರಬಂದ ತಟ್ಟೆಗಳು 2026ಕ್ಕೆ ಮುಕ್ತ. ಹಾಡುಗಾರರ ಪ್ರದರ್ಶನದ ಹಕ್ಕು 50 ವರ್ಷ. ಆ ಲೆಕ್ಕದಲ್ಲಿ 1970ರ ಬೈಠಕ್ಕಿನ ಮೇಲಿನ ಹಾಡುಗಾರರ ಹಕ್ಕು 2020ಕ್ಕೇ ತೀರಿತು. ಆ ಬೈಠಕ್ಕನ್ನು ಎಲ್ಲರೂ ಕೇಳುವಂತಾಗುವುದು ಒಳ್ಳೆಯದೇ. ಆದರೆ ಅದೇ ಟೇಪು ನಕಲು ದನಿಗೆ ಕಚ್ಚಾಮಾಲು ಆಗುವುದನ್ನು ತಡೆಯಲು ಕೈಯಲ್ಲಿ ಗಟ್ಟಿ ಅಸ್ತ್ರವಿಲ್ಲ. ಹೊಸ ಲೇಬಲ್ ನಿಯಮ ಇಲ್ಲಿ ಒಂದಿಷ್ಟು ನೆರವಾದೀತು. ನಕಲು ದನಿ ಎಂದು ಹೇಳಲೇಬೇಕಾಗುತ್ತದೆ. ಮಾಡಬೇಡಿ ಎನ್ನುವುದಿಲ್ಲ, ಹೇಳಿ ಮಾಡಿ ಎನ್ನುತ್ತದೆ.

ಲೇಬಲ್ ಬೇರೆ, ಒಪ್ಪಿಗೆ ಬೇರೆ

ಮೊದಲಿನ ಜಾನಪದ ಹಾಡಿಗೆ ಬರೋಣ. ಡೊಳ್ಳಿನ ಪೆಟ್ಟು ಬಿಡಿಸಿಕೊಂಡದ್ದಕ್ಕೆ ಲೇಬಲ್ ಬೇಡ ಅಂದೆವು. ಹಾಗಂತ ಅದು ಪುಕ್ಕಟೆ ಅಲ್ಲ. ಆ ಡೊಳ್ಳು ಯಾರದೋ ರೆಕಾರ್ಡಿಂಗಿನದು. ಎಐ ಬಿಡಿಸಿದ ಮಾತ್ರಕ್ಕೆ ಹಕ್ಕು ಕಳಚಿ ಬೀಳುವುದಿಲ್ಲ. ಹಾವೇರಿ ಜಿಲ್ಲೆಯ ಶಿಶುನಾಳ ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ತತ್ವಪದ ಯಾರು ಬೇಕಾದರೂ ಹಾಡಬಹುದು. ಆದರೆ ಇಂದಿನವರೊಬ್ಬರು ಹಾಡಿದ ಷರೀಫರ ಪದದಿಂದ ದನಿ ತೆಗೆದು ವಾದ್ಯವನ್ನಷ್ಟೇ ಬಳಸಿಕೊಂಡರೆ ಅದಕ್ಕೆ ಒಪ್ಪಿಗೆ ಬೇಕು. ಬೇರೆಯವರ ರೆಕಾರ್ಡಿಂಗ್ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯುವುದು ಇದನ್ನೇ.

ಇನ್ನೊಂದು ವಿಚಿತ್ರವೂ ಇದೆ. ನಿಯಮದ ವ್ಯಾಖ್ಯೆ ವ್ಯಕ್ತಿ ಅಥವಾ ಘಟನೆಯನ್ನು ನಿಜವೆನ್ನುವಂತೆ ತೋರಿಸುವುದರ ಬಗ್ಗೆ ಇದೆ. ಹಾಗಾಗಿ ಇಡೀ ವಾದ್ಯಮೇಳವನ್ನು ಯಂತ್ರವೇ ಹುಟ್ಟಿಸಿ, ಮೇಲೆ ಮನುಷ್ಯರು ಹಾಡಿದರೆ ಅದು ಈ ಬಲೆಗೆ ಬೀಳುವ ಸಾಧ್ಯತೆ ಕಡಿಮೆ. ಹೌದು ಅಥವಾ ಇಲ್ಲ ಎನ್ನುವ ಒಂದೇ ಲೇಬಲ್‌ನ ಮಿತಿ ಇದು. 2025ರ ಸೆಪ್ಟೆಂಬರಿನಲ್ಲಿ ಸ್ಪಾಟಿಫೈ ಒಪ್ಪಿಕೊಂಡ ಪದ್ಧತಿ ಇದಕ್ಕಿಂತ ಬಿಡಿಸಿ ಹೇಳುತ್ತದೆ: ದನಿಗೆ ಎಐ ಬಳಸಿದಿರೋ, ವಾದ್ಯಕ್ಕೋ, ರೆಕಾರ್ಡಿಂಗ್ ಆದ ಮೇಲಿನ ಕೆಲಸಕ್ಕೋ ಎಂದು ಬೇರೆಬೇರೆ ನಮೂದು. ನಮ್ಮ ಗೊಂದಲಕ್ಕೆ ಹತ್ತಿರದ ಉತ್ತರ ಅದೇ.

ಕೆಲಸ ಯಾರಿಗೆ ಹೋಗುತ್ತದೆ?

ಜಾತ್ರೆಯ ರಸಮಂಜರಿಗೆ ಮೊದಲು ಕೀಬೋರ್ಡ್ ನುಡಿಸುವವರು ಹಾಡನ್ನು ಕೇಳಿ ಕೇಳಿ, ಒಂದೊಂದೇ ವಾದ್ಯ ಹಾಕಿ ಟ್ರ್ಯಾಕ್ ಮಾಡಿಕೊಡುತ್ತಿದ್ದರು. ಈಗ ದನಿ ತೆಗೆದ ಟ್ರ್ಯಾಕ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಿದ್ಧ. ಹಾಡುವವರಿಗೆ ಲಾಭ, ಟ್ರ್ಯಾಕ್ ಮಾಡುವವರಿಗೆ ನಷ್ಟ. ಮನೆಯಲ್ಲೇ ಮೊಬೈಲಿನಲ್ಲಿ ಹಾಡಿ ಗದ್ದಲ ತೆಗೆಸಿಕೊಳ್ಳಬಲ್ಲ ಹಳ್ಳಿಯ ಭಜನಾ ಮಂಡಳಿಗೆ ಲಾಭ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಸ್ಟುಡಿಯೊಗೆ ನಷ್ಟ. ಅದೇ ಸ್ಟುಡಿಯೊ ಹಳೆಯ ಕ್ಯಾಸೆಟ್ಟುಗಳನ್ನು ಜೋಪಾನವಾಗಿ ಇಳಿಸಿಕೊಡುವ ಕೆಲಸ ಕಲಿತರೆ ಗಿರಾಕಿಗಳಿಗೇನೂ ಬರವಿಲ್ಲ.

ಮುಂದೆ ಕಾಡುವುದು ಕಲಿಯುವವರ ಕೊರತೆ. ಗದ್ದಲ ಒರೆಸುವ, ಟ್ರ್ಯಾಕ್ ಜೋಡಿಸುವ ಬೇಸರದ ಕೆಲಸ ಮಾಡುತ್ತಲೇ ಹುಡುಗರು ಕಿವಿ ಪಳಗಿಸಿಕೊಳ್ಳುತ್ತಿದ್ದರು. ಆ ಕೆಲಸವೇ ಯಂತ್ರಕ್ಕೆ ಹೋದರೆ, ತಂಬೂರಿ ತಿನ್ನುತ್ತಿದೆ ಎಂದು ಯಂತ್ರವನ್ನು ತಡೆಯುವ ಕಿವಿ ಎಲ್ಲಿಂದ ಬರಬೇಕು?

ಮೊದಲು ಇಳಿಸಿಡಿ

ಧಾರವಾಡ ಆಕಾಶವಾಣಿ 1950ರಿಂದ ಇದೆ. ಮನೆಮನೆಯ ಅಟ್ಟಗಳಲ್ಲಿ ಬೈಠಕ್ಕಿನ ಕ್ಯಾಸೆಟ್ಟು, ಸ್ಪೂಲುಗಳಿವೆ. ಇವನ್ನು ಈಗಲೇ ಎಐಗೆ ಕೊಡಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ. ಒರೆಸುವ ಯಂತ್ರ ವರ್ಷ ವರ್ಷಕ್ಕೆ ಸುಧಾರಿಸುತ್ತದೆ. ಟೇಪು ವರ್ಷ ವರ್ಷಕ್ಕೆ ಹಾಳಾಗುತ್ತದೆ. ಹಾಗಾಗಿ ಅವಸರ ಬೇಕಿರುವುದು ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಳ್ಳುವುದಕ್ಕೆ, ಗದ್ದಲ ಸಮೇತ. ಒರೆಸಿದ ಪ್ರತಿ ಬೇರೆ ಫೈಲಿನಲ್ಲಿರಲಿ, ಯಾವ ಉಪಕರಣದಿಂದ ಏನು ಮಾಡಿದೆವು ಎಂದು ಪಕ್ಕದಲ್ಲಿ ಎರಡು ಸಾಲು ಬರೆದಿರಲಿ.

ಖರ್ಚಿನ ನೆಪ ಹೇಳುವಂತಿಲ್ಲ. 24 ಬಿಟ್, 96 ಕಿಲೋಹರ್ಟ್ಜ್ ಗುಣಮಟ್ಟದಲ್ಲಿ ಇಳಿಸಿದರೂ ಒಂದು ಗಂಟೆಯ ಕ್ಯಾಸೆಟ್ಟಿಗೆ ಹತ್ತಿರಹತ್ತಿರ 2 ಜಿಬಿ. ನೂರು ಕ್ಯಾಸೆಟ್ಟು 200 ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತವೆ, ಕಿಸೆಯಲ್ಲಿ ಹಿಡಿಸುವ ಹಾರ್ಡ್ ಡಿಸ್ಕಿನಲ್ಲಿ ಆಮೇಲೂ ಜಾಗ ಉಳಿಯುತ್ತದೆ. ಸಿಗದೇ ಇರುವುದು ಹೆಡ್ ಸವೆಯದ, ಬೆಲ್ಟ್ ಸಡಿಲಾಗದ ಒಂದು ಒಳ್ಳೆಯ ಡೆಕ್ಕು, ಮತ್ತು ಅದನ್ನು ರಿಪೇರಿ ಮಾಡಬಲ್ಲವರು.